ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲೇ ಸ್ಟಡಿ ಮುಗಿಸಿದ್ದು: ನನ್ನ ಅನುಭವ

ಕೋವಿಡ್ ಎರಡನೇ ಅಲೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ಬಗ್ಗೆ ಕೊಪ್ಪಳ, ಗಂಗಾವತಿ ಕಡೆ ಒಂದು ಸ್ಟಡಿ ಮಾಡಿದೆ. ಶುರುವಾಗಿದ್ದು 2021ರ ಕೊನೆಗೆ. ಮನೆಮನೆಗೆ ಹೋಗದೆ ವಾಯ್ಸ್ ಮೆಸೇಜ್‌ನಲ್ಲೇ ಮಾಡ್ತೀನಿ ಅಂದಾಗ ನನ್ನ ಜೊತೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರೇ ನಕ್ಕರು. "ಫೋನ್‌ನ್ಯಾಗ ಕಣ್ಣೀರು ಕಾಣ್ತದೇನ್ರೀ?" ಅಂದರು ಒಬ್ಬರು. ಈಗ ಅವರೇ ನನ್ನ ಪ್ರಶ್ನೆಪಟ್ಟಿ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ, ಪೂರ್ತಿ ಅಲ್ಲ.

ಮೊದಲು ಗೂಗಲ್ ಫಾರ್ಮ್ ಕಳಿಸಿದ್ದೆ. 'ಮನಸ್ಸಿಗೆ ಬೇಜಾರಾಗುತ್ತಾ' ಅನ್ನೋದಕ್ಕೆ ಹೆಚ್ಚುಕಡಿಮೆ ಎಲ್ಲ ಕಡೆಯಿಂದ 'ಇಲ್ಲ'. ವಿಚಾರಿಸಿದರೆ ತುಂಬಿದವರು ಮೈದುನಂದಿರು! ಆಮೇಲೆ ಫೋನ್ ಸರ್ವೆ. ಎರಡನೇ ಪ್ರಶ್ನೆಗೇ "ಒಟಿಪಿ ಕೇಳ್ತೀರೇನ್ರೀ?" ಅಂತ ಕಟ್. ವಿಡಿಯೊದಲ್ಲಿ ಗುಂಪು ಚರ್ಚೆ ಇಟ್ಟರೆ ಪಕ್ಕದಲ್ಲಿ ಅತ್ತೆ ಕೂತಿರುತ್ತಿದ್ದರು, ಯಾರೂ ಬಾಯಿ ಬಿಡಲಿಲ್ಲ. ಸುಮಾರು ಮೂರು ತಿಂಗಳು ಹೀಗೇ ಹೋಯಿತು.

ಕೈ ಹಿಡಿದಿದ್ದು ಇದು. ಮೊದಲ ಪರಿಚಯ ಊರಿನ ಆಶಾ ಕಾರ್ಯಕರ್ತೆಯಿಂದ. ವಾರಕ್ಕೆ ಒಂದೇ ಪ್ರಶ್ನೆ, ಅದೂ ನನ್ನ ದನಿಯಲ್ಲಿ. ಉತ್ತರ ಯಾವಾಗ ಬೇಕಾದರೂ ಕಳಿಸಬಹುದು, ಕಳಿಸದಿದ್ದರೂ ಸರಿ. ಒಪ್ಪಿಗೆಯನ್ನೂ ದನಿಯಲ್ಲೇ, ತಿಂಗಳಿಗೊಮ್ಮೆ ಮತ್ತೆ ಕೇಳುತ್ತಿದ್ದೆ. ಮೊದಲನೇ ಮೆಸೇಜ್‌ನಲ್ಲಿ ಏನು ಹೇಳಿದರೆ ಅವರು ಬ್ಲಾಕ್ ಮಾಡಲ್ಲ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ಮೆಸೇಜ್ ಬರುತ್ತಿದ್ದುದು ರಾತ್ರಿ ಹತ್ತರ ಮೇಲೆ, ಇಲ್ಲಾ ಬೆಳಗಿನ ಜಾವ. ಒಂದರಲ್ಲಿ ರೊಟ್ಟಿ ಬಡಿಯೋ ಸದ್ದಿನ ನಡುವೆ ಒಬ್ಬಳು ಹೇಳುತ್ತಾಳೆ: "ಯಕ್ಕಾ, ಅವ್ರು ಇದ್ದಾಗ ಕಂತು ಎಷ್ಟಂತ ನನಗ ಗೊತ್ತಿದ್ದಿಲ್ಲ. ಈಗ ಸಂಘದಾಕಿ ಬಾಗಿಲಿಗೆ ಬಂದ್ರ ಹಿತ್ತಲಕಡಿಂದ ಹೋಗ್ತೀನಿ." ಮನೆಗೆ ಹೋಗಿ ಕೂತಿದ್ದರೆ ಈ ಮಾತು ಬರುತ್ತಿರಲಿಲ್ಲ. ನೀರು ಕೊಟ್ಟು, ಚಹಾ ಮಾಡಿ, 'ಆರಾಮದೀವಿ' ಅಂದು ಕಳಿಸುತ್ತಿದ್ದರು.

ಖರ್ಚು ಹೇಳಬೇಕಲ್ವಾ. ಜೀಪು, ಬಸ್ಸು, ಊಟ ಅಂತ ಹಳೇ ಲೆಕ್ಕದಲ್ಲಿ ಲಕ್ಷದ ಹತ್ತಿರ ಬರುತ್ತಿತ್ತು. ನನಗೆ ನಲವತ್ತು ಸಾವಿರದೊಳಗೆ ಮುಗಿಯಿತು. ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ದನಿ ಕೇಳಿ ಬರೆದುಕೊಡುವ ಹುಡುಗಿಯರಿಗೆ. ಭಾಗವಹಿಸಿದವರಿಗೆ ತಿಂಗಳಿಗೆ ಇನ್ನೂರು ಚಿಲ್ಲರೆ ರೀಚಾರ್ಜ್ ಹಾಕಿಸುತ್ತಿದ್ದೆ. ಹಣ ಕೊಟ್ಟ ಸಂಸ್ಥೆ ಆ ಬಿಲ್ ಒಪ್ಪಲೇ ಇಲ್ಲ. ಜೀಪಿನ ಬಿಲ್ ಆಗಿದ್ದರೆ ಕಣ್ಣು ಮುಚ್ಚಿ ಪಾಸು ಮಾಡುತ್ತಿದ್ದರು. ಕೈಯಿಂದಲೇ ಹೋಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸಂತೆ ಚೀಲದ ಫೋಟೊ ಕಳಿಸಿ ಅಂದೆ. ಲೀಟರ್ ಎಣ್ಣೆ ಪ್ಯಾಕೆಟ್ ಇದ್ದ ಕಡೆ ಅರ್ಧ ಲೀಟರ್ ಬಂತು, ಆಮೇಲೆ ಬಿಡಿ ಎಣ್ಣೆ. ಆದಾಯದ ಕಾಲಂ ತುಂಬಿಸಿಕೊಳ್ಳೋದಕ್ಕಿಂತ ಇದು ಮೇಲು ಅನಿಸಿತು.

ದೊಡ್ಡ ಜಗಳ ನಡೆದಿದ್ದು ಪರಿಹಾರದ ವಿಷಯಕ್ಕೆ. ಆಗಿನ ಕೇಂದ್ರದ ನಿಯಮದ ಪ್ರಕಾರ ಕೋವಿಡ್‌ನಿಂದ ಸತ್ತವರ ಮನೆಗೆ 50,000 ರೂಪಾಯಿ ಸಿಗುತ್ತಿತ್ತು, ಬಿಪಿಎಲ್ ಆದರೆ ಜೊತೆಗೆ ರಾಜ್ಯದಿಂದ 1 ಲಕ್ಷ. ಪಾಸಿಟಿವ್ ರಿಪೋರ್ಟ್ ಕಳೆದುಹೋಗಿದೆ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕಿರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಕೋವಿಡ್ ಅಂತ ಗುರುತಿಸಿದ್ದರೂ ನಡೆಯುತ್ತಿತ್ತು, ತಕರಾರಿದ್ದರೆ ಜಿಲ್ಲಾ ಸಮಿತಿ ಇತ್ತು ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹಳೇ ಸಾವುಗಳಿಗೆ ಅರ್ಜಿ ಹಾಕಲು 60 ದಿನದ ಗಡುವು ಕೊಟ್ಟಿತು. ಪ್ರಶ್ನೆ ಕಳಿಸೋದು ನಿಲ್ಲಿಸಿ, ಅರ್ಜಿ ಹಾಕೋದು ಹೇಗೆ ಅಂತ ಮೆಸೇಜ್ ಕಳಿಸಿದೆ. "ಸಂಶೋಧಕರು ಮಧ್ಯೆ ಕೈ ಹಾಕಿದರೆ ಡೇಟಾ ಕೆಡುತ್ತೆ" ಅಂತ ಹಿರಿಯರೊಬ್ಬರು ರೇಗಿದರು. ಕೆಡಲಿ ಸರ್, ಅಂದೆ. ಹತ್ತು ಹನ್ನೆರಡು ಮನೆಗಾದರೂ ದುಡ್ಡು ಬಂತು. ಯಾರ ಅರ್ಜಿ ಎಲ್ಲಿ ಸಿಕ್ಕಿಕೊಂಡಿತು ಅನ್ನೋದೇ ರಿಪೋರ್ಟಿನ ಗಟ್ಟಿ ಅಧ್ಯಾಯ ಆಯಿತು.

ಹೆಂಡತಿ ತೀರಿಕೊಂಡ ಗಂಡಸರ ಜೊತೆಗೂ ಇದನ್ನೇ ಮಾಡಿ ನೋಡಿದೆ. ಹೆಚ್ಚಿನವರು ಕಳಿಸಿದ್ದು ಕೈಮುಗಿಯೋ ಎಮೋಜಿ. ಅವರಿಗೆ ಚಹಾದಂಗಡಿಗೇ ಹೋಗಬೇಕು.