ನೆಲದಿಂದ ಏಳುವ ಶಕ್ತಿ: ಅರವತ್ತು ದಾಟಿದ ಮೇಲೆ ಕಾಲಿನ ಬಲ ಉಳಿಸಿಕೊಳ್ಳುವ ಬಗೆ

ಮೂರು ವರ್ಷಗಳ ಹಿಂದೆ ನಮ್ಮೂರಿನಲ್ಲಿ ನಡೆದ ಗೃಹಪ್ರವೇಶವೊಂದರಲ್ಲಿ ನೆಲಕ್ಕೆ ಬಾಳೆಲೆ ಹಾಕಿ ಬಡಿಸಿದ್ದರು. ಪಂಕ್ತಿ ಏಳುವ ಹೊತ್ತಿಗೆ, ಆಗ 67 ವರ್ಷದವರಾಗಿದ್ದ ನಮ್ಮ ಅಮ್ಮ ಎಡಗೈಯನ್ನು ನೆಲಕ್ಕೂರಿ ಒಮ್ಮೆ ಪ್ರಯತ್ನಿಸಿದರು, ಆಗದೆ ಮತ್ತೆ ಕೂತರು. ಬಲಗೈ ಎಂಜಲಾದ್ದರಿಂದ ಅದನ್ನು ಊರುವ ಹಾಗಿರಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ಚಿಕ್ಕಮ್ಮನ ಹೆಗಲು ಹಿಡಿದು ಎದ್ದರು. ಅಮ್ಮ ದಿನವೂ ಬೆಳಿಗ್ಗೆ ಮುಕ್ಕಾಲು ಗಂಟೆ ತಪ್ಪದೆ ನಡೆಯುವವರು. ರಕ್ತದೊತ್ತಡಕ್ಕೆ ಒಂದು ಮಾತ್ರೆ ಬಿಟ್ಟರೆ ಬೇರೆ ಔಷಧವಿಲ್ಲ. ಮಂಡಿ ಸವೆದಿರಬೇಕೆಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಫಿಸಿಯೋಥೆರಪಿಸ್ಟ್ ಒಬ್ಬರು ಅಮ್ಮನನ್ನು ಕುರ್ಚಿಯಿಂದ ನಾಲ್ಕು ಸಲ ಎಬ್ಬಿಸಿ ಕೂರಿಸಿ, ತೊಡೆಯ ಮೇಲೆ ಕೈಯಿಟ್ಟು ನೋಡಿ, ಮಂಡಿಗಿಂತ ಮೊದಲು ತೊಡೆ ಸೋತಿದೆ ಎಂದರು. ಅಂದಿನಿಂದ ಅಮ್ಮನ ಜೊತೆಗೆ ನಾನೂ ಕಲಿತದ್ದನ್ನು, ಈ ವಯಸ್ಸಿನವರಿಗೂ ಅವರನ್ನು ನೋಡಿಕೊಳ್ಳುವ ಮಕ್ಕಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತು ವಯಸ್ಸು ದಾಟಿದ ಮೇಲೆ ನಮ್ಮ ಸ್ನಾಯುಗಳು ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾದಷ್ಟು ಕರಗುತ್ತಾ ಹೋಗುತ್ತವೆ, ಅರವತ್ತರ ನಂತರ ಈ ಇಳಿಕೆ ಇನ್ನೂ ಚುರುಕಾಗುತ್ತದೆ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ, ಏಕೆಂದರೆ ಕರಗಿದ ಸ್ನಾಯುವಿನ ಜಾಗದಲ್ಲಿ ಕೊಬ್ಬು ಸೇರಿಕೊಂಡು ತೂಕ ಇದ್ದಷ್ಟೇ ಇರಬಹುದು. ನಡಿಗೆಯಿಂದ ಹೃದಯಕ್ಕೂ ಸಕ್ಕರೆಯ ನಿಯಂತ್ರಣಕ್ಕೂ ನಿದ್ರೆಗೂ ಆಗುವ ಉಪಕಾರ ದೊಡ್ಡದು, ಅದನ್ನು ಯಾರೂ ಬಿಡಬಾರದು; ಆದರೆ ಸಮನೆಲದ ಮೇಲಿನ ನಡಿಗೆಯಲ್ಲಿ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಅವು ಬಲಗೊಳ್ಳುವಷ್ಟು ಭಾರ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯ ಜೊತೆಗೆ, ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ, ಮೂರು ದಿನ ದೇಹದ ಸಮತೋಲನಕ್ಕೆ ಒತ್ತುಕೊಡುವ ವ್ಯಾಯಾಮವನ್ನೂ ಹೇಳುತ್ತದೆ. ಇದರ ಮೊದಲ ಭಾಗ ಮಾತ್ರ ನಮ್ಮ ಮನೆಗಳಿಗೆ ತಲುಪಿದೆ. ಲಾಲ್‌ಬಾಗಿನಲ್ಲಿಯೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೂ ಬೆಳಿಗ್ಗೆ ನಡೆಯುವ ಹಿರಿಯರನ್ನು ಕಂಡಾಗ ಸಂತೋಷವಾಗುತ್ತದೆ, ಆದರೆ ಕಲ್ಲುಬೆಂಚಿನಿಂದ ಏಳುವಾಗ ಅವರಲ್ಲಿ ಎಷ್ಟೋ ಮಂದಿ ಎರಡೂ ಕೈ ಊರುವುದನ್ನು ಕಂಡಾಗ ಅಮ್ಮನ ನೆನಪಾಗುತ್ತದೆ.

ಮೊದಲು ನಿಮ್ಮ ಕಾಲಿನ ಬಲ ಎಷ್ಟಿದೆಯೆಂದು ತಿಳಿದುಕೊಳ್ಳಿ. ಕೈಯಿಲ್ಲದ, ಗಟ್ಟಿಯಾದ, ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿಯಾಗಿ ಎದ್ದು ನಿಂತು ಕೂರಬಲ್ಲಿರೆಂದು ಎಣಿಸಬೇಕು. ಮನೆಯವರೊಬ್ಬರು ಮೊಬೈಲಿನಲ್ಲಿ ಸಮಯ ನೋಡುತ್ತಾ ಪಕ್ಕದಲ್ಲೇ ನಿಂತಿರಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಅಳತೆಯ ಪ್ರಕಾರ 65ರಿಂದ 69 ವರ್ಷದ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಸಲ ಎದ್ದರೆ, 75ರಿಂದ 79 ವರ್ಷದ ಗಂಡಸರು 11ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ, ಬೀಳುವ ಅಪಾಯ ಹೆಚ್ಚಿದೆಯೆಂದು ಅರ್ಥ. ಕೈ ಊರದೆ ಏಳಲಾಗದಿದ್ದರೆ ಎಣಿಕೆ ಸೊನ್ನೆ. ಅಮ್ಮ ಮೊದಲ ದಿನ ಎದ್ದದ್ದು ಏಳು ಸಲ.

ಎದೆನೋವು, ನಾಲ್ಕು ಹೆಜ್ಜೆಗೇ ಉಬ್ಬಸ, ಹತೋಟಿಗೆ ಬಾರದ ರಕ್ತದೊತ್ತಡ, ಪದೇಪದೇ ತಲೆಸುತ್ತು, ಇತ್ತೀಚಿನ ಶಸ್ತ್ರಚಿಕಿತ್ಸೆ ಅಥವಾ ಮೂಳೆ ಮುರಿತ, ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಪರೀಕ್ಷೆಗೆ ಬಳಸಿದ ಆ ಕುರ್ಚಿಯೇ ಸಾಧನೆಗೂ ಸಾಕು. ಚಕ್ರವಿರುವ ಕುರ್ಚಿಯೂ, ಟೈಲ್ಸ್ ನೆಲದ ಮೇಲೆ ಜಾರುವ ಹಗುರವಾದ ಪ್ಲಾಸ್ಟಿಕ್ ಕುರ್ಚಿಯೂ ಬೇಡ. ಕೈ ಊರದೆ ಏಳಲು ಕಷ್ಟವಾಗುವವರು ಕುರ್ಚಿಯ ಮೇಲೆ ಮಡಿಸಿದ ಜಮಖಾನವನ್ನಿಟ್ಟು ಎತ್ತರ ಹೆಚ್ಚಿಸಿಕೊಳ್ಳಬೇಕು, ಏಕೆಂದರೆ ಆಸನ ಎತ್ತರವಾದಷ್ಟೂ ತೊಡೆಗೆ ಕೆಲಸ ಸುಲಭವಾಗುತ್ತದೆ. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕುಳಿತು, ಪಾದಗಳನ್ನು ಭುಜದಗಲಕ್ಕೆ ಇಟ್ಟು, ಹಿಮ್ಮಡಿಗಳನ್ನು ಮಂಡಿಗಳಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಬೆನ್ನನ್ನು ನೇರವಾಗಿಟ್ಟುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಬಹಳ ಮಂದಿ ಬೆನ್ನನ್ನು ಹಿಂದಕ್ಕೇ ಇಟ್ಟುಕೊಂಡು ಏಳಲು ಹೆಣಗುತ್ತಾರೆ. ದೇಹದ ಭಾರ ಪಾದಗಳ ಮೇಲೆ ಬರುವವರೆಗೆ ಯಾವ ತೊಡೆಗೂ ಅದನ್ನು ಎತ್ತುವುದು ಸಾಧ್ಯವಿಲ್ಲ. ಮಂಡಿಗಳು ಒಳಗೆ ವಾಲಬಾರದು, ಉಸಿರು ಬಿಗಿಹಿಡಿಯಬಾರದು.

ಎದ್ದದ್ದಕ್ಕಿಂತ ಹೆಚ್ಚು ಗಮನ ಕೂರುವುದಕ್ಕೆ ಕೊಡಬೇಕು. ಧೊಪ್ಪನೆ ಕುಸಿಯದೆ, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ, ಹೂಬುಟ್ಟಿಯನ್ನು ನೆಲಕ್ಕಿಳಿಸುವಷ್ಟು ನಿಧಾನವಾಗಿ ದೇಹವನ್ನು ಇಳಿಸಬೇಕು. ಮೆಟ್ಟಿಲು ಇಳಿಯುವಾಗ, ಬಸ್ಸಿನಿಂದ ಇಳಿಯುವಾಗ, ಎಡವಿದಾಗ ನಮ್ಮನ್ನು ಕಾಪಾಡುವುದು ಭಾರವನ್ನು ತಡೆದು ಇಳಿಸುವ ಇದೇ ಶಕ್ತಿ. ಎಂಟು ಸಲ ಎದ್ದು ಕೂತು, ಎರಡು ನಿಮಿಷ ಸುಧಾರಿಸಿಕೊಂಡು, ಮತ್ತೆ ಎಂಟು ಸಲ ಮಾಡುವುದು ಮೊದಲ ಎರಡು ವಾರಕ್ಕೆ ಸಾಕು, ಅದೂ ದಿನ ಬಿಟ್ಟು ದಿನ, ಏಕೆಂದರೆ ಸ್ನಾಯು ಬೆಳೆಯುವುದು ವಿಶ್ರಾಂತಿಯ ದಿನದಲ್ಲಿ. ಕೊನೆಯ ಎರಡು ಸಲ ಏಳುವುದು ತುಸು ಕಷ್ಟವೆನಿಸಬೇಕು. ಅದು ಸುಲಭವಾದ ದಿನ ಜಮಖಾನವನ್ನು ತೆಗೆಯಿರಿ. ಮತ್ತೆ ಸುಲಭವಾದರೆ ಮೂರನೆಯ ಸುತ್ತು ಸೇರಿಸಿ. ಅದೂ ಸುಲಭವಾದರೆ ಒಂದು ಕಿಲೋ ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಮಾಡಿ. ಹೀಗೆ ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸದೆ ವರ್ಷಗಟ್ಟಲೆ ಒಂದೇ ಅಳತೆಯಲ್ಲಿ ಮಾಡಿದರೆ ಬಲ ಇದ್ದಲ್ಲೇ ನಿಲ್ಲುತ್ತದೆ. ಮರುದಿನ ತೊಡೆಯಲ್ಲಿ ಕಾಣುವ ಮೈಕೈ ನೋವಿನಂಥ ನೋವು ಎರಡು ದಿನಕ್ಕೆ ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕೀಲಿನೊಳಗೆ ಚುಚ್ಚುವ ನೋವು ಅಥವಾ ಮಂಡಿಯ ಊತ ಕಂಡರೆ ನಿಲ್ಲಿಸಿ ತೋರಿಸಿಕೊಳ್ಳಬೇಕು.

ನಮ್ಮ ಗರಡಿಮನೆಗಳಲ್ಲಿ ಹೊಡೆಯುತ್ತಿದ್ದ ಬಸ್ಕಿಯ ತಗ್ಗಿಸಿದ ರೂಪವೇ ಇದು, ಹೊಸದೇನಲ್ಲ. ಆಸರೆ ಬಳಸುವುದನ್ನು ಕೆಲವರು ಅವಮಾನವೆಂದು ಭಾವಿಸುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 95 ವರ್ಷ ಬದುಕಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳನ್ನು ಯೋಗಾಭ್ಯಾಸಕ್ಕೆ ತಂದದ್ದು, ದೇಹ ಬಗ್ಗದವರಿಗೂ ಕಾಯಿಲೆಯವರಿಗೂ ಆಸನದ ಫಲ ಸಿಗಲೆಂದು. ಇನ್ನು ತಡವಾಯಿತು ಎಂಬ ಮಾತು. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೃದ್ಧಾಲಯದ, ಸರಾಸರಿ 90 ವರ್ಷದ ಹತ್ತು ಮಂದಿ ದುರ್ಬಲ ಹಿರಿಯರಿಗೆ ಎಂಟು ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದಾಗ, ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ತೊಂಬತ್ತಕ್ಕೆ ತಡವಾಗದ್ದು ಅರವತ್ತೈದಕ್ಕೆ ತಡವಾಗಲಾರದು.

ಉಳಿದ ವ್ಯಾಯಾಮಗಳನ್ನು ಮನೆಗೆಲಸದ ನಡುವೆಯೇ ಸೇರಿಸಬಹುದು. ಹಾಲು ಕಾಯುವವರೆಗೆ ಅಡುಗೆಮನೆಯ ಕಟ್ಟೆಯನ್ನು ಹಿಡಿದು ಹಿಮ್ಮಡಿಗಳನ್ನು ಎತ್ತಿ ಇಳಿಸಿದರೆ ಮೀನಖಂಡಗಳು ಗಟ್ಟಿಯಾಗುತ್ತವೆ. ಅದೇ ಕಟ್ಟೆಯ ಪಕ್ಕದಲ್ಲಿ, ಬೆರಳ ತುದಿಯ ಆಸರೆಯಿಂದ ಒಂದೊಂದೇ ಕಾಲಿನ ಮೇಲೆ ಹತ್ತು ಸೆಕೆಂಡು ನಿಲ್ಲುವುದು, ಗೋಡೆಯ ಉದ್ದಕ್ಕೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಹೆಜ್ಜೆಯಿಡುವುದು ಸಮತೋಲನಕ್ಕೆ ಒಳ್ಳೆಯದು. ತೋಳುಗಳಿಗೆ ಗೋಡೆಯನ್ನು ತಳ್ಳುವ ದಂಡ ಸಾಕು.

ಇಷ್ಟೆಲ್ಲ ಮಾಡಿಯೂ ತಟ್ಟೆಯಲ್ಲಿ ಪ್ರೋಟೀನು ಇಲ್ಲದಿದ್ದರೆ ಸ್ನಾಯು ಬೆಳೆಯುವುದಿಲ್ಲ, ಈ ವಿಷಯದಲ್ಲಿ ನಮ್ಮ ಊಟದ ಪದ್ಧತಿಯನ್ನು ಸ್ವಲ್ಪ ನಿಷ್ಠುರವಾಗಿಯೇ ನೋಡಬೇಕಾಗಿದೆ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ವಯಸ್ಸಾಯಿತೆಂದು ಬರೀ ಮಜ್ಜಿಗೆ ಅನ್ನ. ಜೊತೆಗೆ ವಾರದಲ್ಲೊಂದು ಒಪ್ಪೊತ್ತು. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆಂದು ತಜ್ಞರು ಹೇಳುತ್ತಾರೆ, ಅಂದರೆ 55 ಕಿಲೋ ತೂಗುವವರಿಗೆ ಕನಿಷ್ಠ 55 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ 6ರಿಂದ 7 ಗ್ರಾಂ, 30 ಗ್ರಾಂ ಕಡಲೆಕಾಯಿ ಬೀಜದಲ್ಲಿ ಅಥವಾ ಅಷ್ಟೇ ತೂಕದ ಒಣ ತೊಗರಿಬೇಳೆ ಇಲ್ಲವೆ ಹುರುಳಿಯಲ್ಲಿ ಸುಮಾರು 7 ಗ್ರಾಂ ಇದೆ. ಮುದ್ದೆ ತಿಂದರೆ ಶಕ್ತಿ ಬರುತ್ತದೆಂಬ ನಂಬಿಕೆಗೆ ಆಧಾರವಿದೆ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಆದರೆ ಅದರಲ್ಲಿ ಪ್ರೋಟೀನು ಕೇವಲ 7 ಗ್ರಾಂ, ಆದ್ದರಿಂದ ಮುದ್ದೆಯ ಜೊತೆಗೆ ಬರುವ ಕಾಳಿನ ಸಾರು, ಬಸ್ಸಾರಿನ ಪಲ್ಯ ಅಥವಾ ಮಾಂಸದ ಸಾರೇ ಆ ಊಟದ ನಿಜವಾದ ಬಲ.

ಅಮ್ಮನ ಊಟವನ್ನು ಒಂದು ವಾರ ಗಮನಿಸಿದಾಗ ನನಗೆ ಕಂಡದ್ದು ಇದು: ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಅವರ ಪಾಲಿಗೆ ಬರುತ್ತಿದ್ದುದು ಪಾತ್ರೆಯಲ್ಲಿ ಉಳಿದ ಸಾರು ಮಾತ್ರ, ಬೇಳೆ, ಕಾಳು ಅಷ್ಟರಲ್ಲಿ ನಮ್ಮ ತಟ್ಟೆ ಸೇರಿರುತ್ತಿತ್ತು. ಈಗ ಅವರ ಪಾಲಿನ ಹೆಸರುಕಾಳಿನ ಉಸ್ಲಿಯನ್ನು ಮೊದಲೇ ಬಟ್ಟಲಿಗೆ ತೆಗೆದಿಟ್ಟು, ರಾತ್ರಿ ಮಲಗುವ ಮುನ್ನ ಒಂದು ಲೋಟ ಹಾಲು ಕೊಡುತ್ತೇವೆ. ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಸಸ್ಯಾಹಾರಿಗಳಲ್ಲಿಯೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿಯೂ ಬಿ12 ಜೀವಸತ್ವ ಕಡಿಮೆಯಾಗಿ ಕಾಲು ಜೋಮು ಹಿಡಿಯುವುದುಂಟು. ರಕ್ತ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ.

ಕಾಲು ಗಟ್ಟಿಯಾಗುವವರೆಗೂ, ಆಮೇಲೂ, ಬೀಳದಂತೆ ಮನೆಯನ್ನು ಸಜ್ಜುಗೊಳಿಸಬೇಕು. ಬಚ್ಚಲುಮನೆಯ ಗೋಡೆಗೆ ಭದ್ರವಾದ ಹಿಡಿಕೆ ಹಾಕಿಸಿ. ಟವೆಲ್ ಒಣಗಿಸುವ ಸರಳು ಮನುಷ್ಯನ ಭಾರ ತಡೆಯುವುದಿಲ್ಲ. ಜಾರುವ ಕಾಲೊರಸನ್ನು ತೆಗೆಯಿರಿ, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ. ರಕ್ತದೊತ್ತಡದ, ಪ್ರಾಸ್ಟೇಟ್ ಗ್ರಂಥಿಯ ಮತ್ತು ನಿದ್ರೆಯ ಮಾತ್ರೆಗಳಲ್ಲಿ ಕೆಲವು, ಮಲಗಿದ್ದವರು ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರಿಸುತ್ತವೆ, ಆದ್ದರಿಂದ ಎದ್ದ ಕೂಡಲೇ ನಡೆಯದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಹತ್ತು ಸಲ ಆಡಿಸಿ ಏಳಬೇಕು. ಹೀಗೆ ಪದೇಪದೇ ಆಗುತ್ತಿದ್ದರೆ ಮಾತ್ರೆಯನ್ನು ತಾವಾಗಿ ಬಿಡದೆ ವೈದ್ಯರಿಗೆ ತಿಳಿಸಬೇಕು. ಒಬ್ಬರೇ ಇರುವಾಗಲಂತೂ ಬಚ್ಚಲಿನ ಅಗುಳಿಯನ್ನು ಒಳಗಿನಿಂದ ಹಾಕಿಕೊಳ್ಳಬೇಡಿ.

ಬಿದ್ದರೆ ಏಳುವುದು ಹೇಗೆಂಬುದನ್ನು, ಬೀಳುವ ಮೊದಲೇ, ಮನೆಯವರ ಎದುರಿನಲ್ಲಿ ಚಾಪೆಯ ಮೇಲೆ ಅಭ್ಯಾಸ ಮಾಡಿಟ್ಟುಕೊಳ್ಳಬೇಕು. ಬಿದ್ದ ಕೂಡಲೇ ಏಳಲು ಹೋಗದೆ, ಉಸಿರು ಸುಧಾರಿಸಿಕೊಂಡು, ಕೈಕಾಲುಗಳನ್ನು ಒಂದೊಂದಾಗಿ ಆಡಿಸಿ ನೋಡಬೇಕು. ತೊಡೆಸಂದಿಯಲ್ಲಿ ತೀವ್ರ ನೋವಿದ್ದರೆ, ಕಾಲು ಎತ್ತಲಾಗದಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ ಅಲ್ಲಾಡದೆ ಸಹಾಯಕ್ಕೆ ಕೂಗಬೇಕು ಅಥವಾ 108ಕ್ಕೆ ಕರೆ ಮಾಡಬೇಕು. ಪೆಟ್ಟಾಗಿಲ್ಲವೆಂದು ಖಚಿತವಾದರೆ ಮಗ್ಗುಲಿಗೆ ಹೊರಳಿ, ಕೈಗಳ ಬಲದಿಂದ ಅಂಬೆಗಾಲಿನ ಭಂಗಿಗೆ ಬಂದು, ಹಾಗೆಯೇ ಹತ್ತಿರದ ಮಂಚ ಅಥವಾ ಗಟ್ಟಿ ಕುರ್ಚಿಯವರೆಗೆ ತೆವಳಿ, ಎರಡೂ ಕೈಗಳನ್ನು ಅದರ ಮೇಲಿಟ್ಟು, ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಅದರ ಮೇಲೆ ಭಾರ ಹಾಕಿ ಎದ್ದು, ತಿರುಗಿ ಮಂಚದ ಮೇಲೆ ಕೂರಬೇಕು. ನಾಲ್ಕು ತಿಂಗಳ ಕುರ್ಚಿ ಅಭ್ಯಾಸದ ನಂತರ ನಾವು ಇದನ್ನು ಅಮ್ಮನಿಗೆ ಹಜಾರದಲ್ಲಿ ಹೇಳಿಕೊಟ್ಟೆವು. ಆ ಹೊತ್ತಿಗೆ 30 ಸೆಕೆಂಡುಗಳಲ್ಲಿ ಹನ್ನೆರಡು ಸಲ ಏಳುತ್ತಿದ್ದ ಅಮ್ಮ, ಮೊದಲ ಎರಡು ಸಲ ಮಂಚ ಹಿಡಿದು ಎದ್ದರು. ಮೂರನೆಯ ಸಲ ಕೈಯನ್ನು ಸ್ವಂತ ಮಂಡಿಯ ಮೇಲೆ ಮಾತ್ರ ಊರಿ ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಚಾಪೆ ಸುತ್ತಿಟ್ಟರು.