ಮಲಯಾಳ ಮನೆಯ ಮಕ್ಕಳಿಗೆ ಯಕ್ಷಗಾನ ಕಲಿಸಿದ್ದು: ಕಾಸರಗೋಡಿನ ಕುಂಬಳೆ ಸೀಮೆಯ ನನ್ನ ಅನುಭವ

ಹೋದ ಜನವರಿಯಲ್ಲಿ ನಮ್ಮ ಮಕ್ಕಳ ‘ಪಂಚವಟಿ’ ಯಕ್ಷಗಾನ ಪ್ರಸಂಗ ಸುಮಾರು ಎರಡೂವರೆ ಗಂಟೆ ನಡೆಯಿತು. 14 ವೇಷಗಳು, ಆರು ಮಕ್ಕಳು ಮಲಯಾಳ ಮನೆಯವರು, ಮೂವರು ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ) ಮನೆಯವರು, ಉಳಿದವರು ತುಳು, ಕನ್ನಡ, ಕೊಂಕಣಿಯವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲೇ ಇದು ಆಗುವ ಕೆಲಸವಲ್ಲ ಎಂದಿದ್ದವರು ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ ಬಂದು ಮಕ್ಕಳ ಬೆನ್ನು ತಟ್ಟಿದರು. ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಮೊದಲ ವರ್ಷ ಪೂರ್ತಿ ಸೋತೆ. ಪದಗಳನ್ನೆಲ್ಲ (ಪ್ರಸಂಗದ ಹಾಡುಗಳನ್ನು) ಮಲಯಾಳ ಲಿಪಿಯಲ್ಲಿ ಬರೆದು ಜೆರಾಕ್ಸ್ ಮಾಡಿ ಹಂಚಿದ್ದೆ. ಹಿರಿಯರೊಬ್ಬರು ಸಿಟ್ಟಾದರು: “1956ರಲ್ಲಿ ಊರು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ಆಯೋಗದ ಮಹಾಜನ ವರದಿ ಹೇಳಿದರೂ ಬರಲಿಲ್ಲ. ಈಗ ಪದದ ಅಕ್ಷರವನ್ನೂ ಬಿಟ್ಟುಕೊಡುತ್ತೀರಾ ಮಾಸ್ಟ್ರೇ?” 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಬೀದಿಗಿಳಿದವರಿಗೆ ಆ ಸಿಟ್ಟು ಗೊತ್ತು. ನನಗೂ ಇದೆ. ಆದರೆ ಲಿಪಿ ಕೈಕೊಟ್ಟದ್ದು ಬೇರೆ ಕಾರಣಕ್ಕೆ. ಮಲಯಾಳ ಓದಿ ಅಭ್ಯಾಸವಾದ ಬಾಯಲ್ಲಿ ಶಬ್ದದ ನಡುವಿನ ‘ಟ’ ಹೋಗಿ ‘ಡ’ ಬರುತ್ತದೆ. ಪ್ರಸಂಗದ ಹೆಸರೇ ‘ಪಂಚವಡಿ’ ಆಯಿತು! ಆ ವರ್ಷ ವೇಷಭೂಷಣದ ಬಾಡಿಗೆ, ಹಿಮ್ಮೇಳದ ಸಂಭಾವನೆ ಎಲ್ಲ ಸೇರಿ 22,000 ರೂಪಾಯಿ ಹತ್ತಿರ ಖರ್ಚಾಯಿತು. 9,000 ನನ್ನ ಕೈಯಿಂದ.

ಮರುವರ್ಷ ಕಾಗದವನ್ನೇ ಬಿಟ್ಟೆ. ಪದ ಹಾಡುವ ಭಾಗವತರ ಬಾಯಿಂದ ಮಕ್ಕಳ ಕಿವಿಗೆ, ನಾಲಗೆಯಲ್ಲಿ ಕೂತ ಮೇಲೆಯೇ ಹೆಜ್ಜೆ. ಅರ್ಥ ಮಾತ್ರ ಮೊದಲು ಅವರವರ ಮನೆಮಾತಿನಲ್ಲಿ ಹೇಳಬೇಕು. ಇಲ್ಲಿ ಕೈಹಿಡಿದವರು ಬ್ಯಾರಿ ಮಕ್ಕಳು. ಅವರ ಭಾಷೆ ಮಲಯಾಳಕ್ಕೆ ಹತ್ತಿರ, ತುಳುವಿನ ಬಳಕೆಯೂ ಇದೆ. ಮಲಯಾಳದಲ್ಲಿ ಒಬ್ಬಳು ಹೇಳಿದ್ದನ್ನು ಬ್ಯಾರಿ ಹುಡುಗ ತುಳುವಿಗೆ ತಂದ, ತುಳುವಿನಿಂದ ಕನ್ನಡಕ್ಕೆ ಎಲ್ಲರೂ ಸೇರಿ ತಂದರು. ಒಂದು ಸನ್ನಿವೇಶಕ್ಕೆ ಮೂರು ವಾರ ಹಿಡಿಯಿತು, ಆದರೆ ರಂಗದಲ್ಲಿ ಯಾರೂ ಮಾತು ಮರೆಯಲಿಲ್ಲ. ಮಹಾಪ್ರಾಣ ಹೇಳಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ತರಗತಿಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ಆಟ ರಂಜಿಸಲೆಂದು ಶೂರ್ಪನಖಿಯಿಂದ ಮಲಯಾಳದಲ್ಲಿ ಅರ್ಥ (ವೇಷದ ಮಾತು) ಹೇಳಿಸಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಆಟ ಮುಗಿದ ಮೇಲೆ ಆ ಹುಡುಗಿಯ ಅಮ್ಮ ನನ್ನ ಬಳಿ ಬಂದು, “ರಾಕ್ಷಸಿಗೆ ಮಾತ್ರವಾ ಮಾಷೇ ನಮ್ಮ ಭಾಷೆ?” ಎಂದು ಕೇಳಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಭಾಷೆಯನ್ನು ಕೀಳು ಮಾಡಿದರೆಂದು ಇಷ್ಟು ವರ್ಷ ನೊಂದವನು, ಒಬ್ಬ ತಾಯಿಗೆ ಅದನ್ನೇ ಮಾಡಿದ್ದೆ. ಮರುದಿನ ಅವರ ಮನೆಗೆ ಹೋಗಿ ತಪ್ಪಾಯಿತೆಂದೆ. ಈ ಸಲ ಆ ಹುಡುಗಿಯೇ ರಾಮ. ಶೂರ್ಪನಖಿ ಕನ್ನಡ ಮನೆಯ ಹುಡುಗ, ಕನ್ನಡದಲ್ಲೇ ಅಬ್ಬರಿಸಿದ.

ಈ ವರ್ಷದ ಖರ್ಚು 30,000 ದಾಟಿತು, ಆದರೆ ಕೈಯಿಂದ ಹೋದದ್ದು ಬರೀ ಒಂದೂವರೆ ಸಾವಿರ. ಉಳಿದದ್ದು ಮನೆಯವರೇ ಕೂಡಿಸಿದರು, ಮಸೀದಿ ಹತ್ತಿರದ ಅಂಗಡಿಯವರು ಚಾ ತಿಂಡಿ ನೋಡಿಕೊಂಡರು. ಮಳೆಗಾಲಕ್ಕೆ ‘ವಾಲಿಸಂಹಾರ’ ಹಿಡಿದಿದ್ದೇವೆ. ಬ್ಯಾರಿ ಹುಡುಗ ಸುಗ್ರೀವನ ವೇಷ ಕೇಳಿದ್ದಾನೆ. ಬಾಡಿಗೆಯ ಕಿರೀಟ ಅವನ ತಲೆಗೆ ದೊಡ್ಡದು, ಹೊಸದು ಮಾಡಿಸಲು ಕೊಟ್ಟಿದ್ದೇನೆ.