ವೆನಿಸ್‌ನ ಬೆಳ್ಳಿ ಗ್ರೋಸ್ಸೋ ಗುರುತು ಹಿಡಿಯೋದು: ನನ್ನ ಅನುಭವ

ಗ್ರೋಸ್ಸೋ ಕಲೆಕ್ಟ್ ಮಾಡೋಕೆ ಹೊರಟವರಿಗೆ ಮೊದಲು ತಲೆ ಕೆಡೋದು ಎಲ್ಲಾ ನಾಣ್ಯನೂ ಒಂದೇ ಥರ ಕಾಣೋದ್ರಿಂದ. ಒಂದು ಕಡೆ ಸಂತ ಮಾರ್ಕ್ ಡೋಜ್ ಕೈಗೆ, ಅಂದ್ರೆ ಆ ಗಣರಾಜ್ಯದ ಚುನಾಯಿತ ಮುಖ್ಯಸ್ಥನ ಕೈಗೆ, ಬಾವುಟ ಕೊಡ್ತಿರೋದು, ಇನ್ನೊಂದು ಕಡೆ ಸಿಂಹಾಸನದ ಮೇಲೆ ಕೂತ ಯೇಸು. ಎನ್ರಿಕೊ ದಾಂಡೊಲೊ ಡೋಜ್ ಆಗಿದ್ದಾಗ (1192–1205) ಶುರುವಾದ ಈ ಚಿತ್ರ 1350ರ ದಶಕದವರೆಗೂ ಹೆಚ್ಚುಕಮ್ಮಿ ಹಾಗೇ ಉಳೀತು, ಬದಲಾಗ್ತಾ ಹೋಗಿದ್ದು ಡೋಜ್ ಹೆಸರು ಮಾತ್ರ.

ಹಾಗಾಗಿ ನಾನು ಮೊದಲು ಅಕ್ಷರಕ್ಕೇ ಕೈ ಹಾಕ್ತೀನಿ. ಬಲಗಡೆ ಅಂಚಲ್ಲಿ ‘ಎಸ್ ಎಂ ವೆನೆಟಿ’ (ವೆನಿಸ್‌ನ ಸಂತ ಮಾರ್ಕ್) ಅಂತಿರತ್ತೆ, ಬಾವುಟದ ಕೋಲಿನ ಪಕ್ಕ ಮೇಲಿಂದ ಕೆಳಕ್ಕೆ ಡಿ, ವಿ, ಎಕ್ಸ್ (ಲ್ಯಾಟಿನ್‌ನಲ್ಲಿ ಡೋಜ್ ಅಂತ), ಎಡಗಡೆ ಡೋಜ್ ಹೆಸರು, ಅದೂ ಮೊಟಕು ಮಾಡಿದ್ದು. ರಾನಿಯೆರಿ ಝೆನೊ (1253–1268) ನಾಣ್ಯದಲ್ಲಿ ಆರ್, ಎ ಆದ್ಮೇಲೆ ಝೆಡ್ ಹುಡುಕಿದ್ರೆ ಸಿಗಲ್ಲ, ಅಲ್ಲಿರೋದು ಜಿ! ಲೆನ್ಸ್ ಇಟ್ಟು ಓರೆ ಬೆಳಕಲ್ಲಿ ನೋಡಿದ್ರೆ ಅಕ್ಷರಗಳು ಒಂದು ನೇರ ಕಡ್ಡಿ, ಒಂದು ಅರ್ಧಚಂದ್ರ ಹೀಗೆ ಸಣ್ಣ ಸಣ್ಣ ಪಂಚ್‌ಗಳನ್ನ ಅಚ್ಚಿನ ಮೇಲೆ ಹೊಡೆದು ಜೋಡಿಸಿದ್ದು ಅಂತ ಗೊತ್ತಾಗತ್ತೆ, ನನಗಂತೂ ಆ ಕೆಲಸಗಾರನ ಕೈ ಅಲ್ಲೇ ಕಂಡಂಗಾಗತ್ತೆ. ಎರಕ ಹೊಯ್ದ ನಕಲಿಯಲ್ಲಿ ಆ ಮೂಲೆಗಳೆಲ್ಲ ಮೊಂಡಾಗಿರ್ತವೆ.

ಆಮೇಲೆ ತೂಕ. ಸರಿಯಾದ ಗ್ರೋಸ್ಸೋ ಸುಮಾರು 2.18 ಗ್ರಾಂ, ಸವೆದಿದ್ರೆ ಸ್ವಲ್ಪ ಕಮ್ಮಿ. ಮಿಲಿಗ್ರಾಂ ತೋರಿಸೋ ಡಿಜಿಟಲ್ ಸ್ಕೇಲ್ ಮೇಲೆ ಒಂದು ಸಣ್ಣ ಲೋಟ ನೀರಿಟ್ಟು ಸೊನ್ನೆ ಮಾಡ್ಕೊಂಡು, ನಾಣ್ಯನ ತೆಳು ದಾರದಲ್ಲಿ ಕಟ್ಟಿ ತಳಕ್ಕೆ ತಾಗದ ಹಾಗೆ ಮುಳುಗಿಸ್ತೀನಿ. ಒಳ್ಳೇ ಬೆಳ್ಳಿಯಾದ್ರೆ ಸ್ಕೇಲ್ 0.210 ಆಸುಪಾಸು ತೋರಿಸ್ಬೇಕು, 2.18ನ್ನ ಅದರಿಂದ ಭಾಗಿಸಿದ್ರೆ 10.4 ಹತ್ರ ಬರತ್ತೆ, ಅದೇ ನಾಣ್ಯದ ಸಾಂದ್ರತೆ. 9 ಚಿಲ್ಲರೆ ಬಂತಾ, ತಾಮ್ರ ಜಾಸ್ತಿ ಇದೆ ಅಂತ ಅರ್ಥ, ಅದನ್ನ ನಾನು ಮುಟ್ಟಲ್ಲ. ಗಾಳಿ ಗುಳ್ಳೆ ಅಂಟ್ಕೊಂಡಿದ್ರೆ ಲೆಕ್ಕ ತಪ್ಪತ್ತೆ, ನಾಣ್ಯನ ನೀರೊಳಗೇ ಮೆಲ್ಲಗೆ ಅಲ್ಲಾಡಿಸ್ಬೇಕು. ಆದ್ರೆ ದಯವಿಟ್ಟು ಪಾಲಿಶ್ ಮಾತ್ರ ಮಾಡ್ಬೇಡಿ, ಆ ಕಪ್ಪು ಬಣ್ಣ ಒಮ್ಮೆ ಹೋದ್ರೆ ಹೋಯ್ತು.

ಈ ಶುದ್ಧಿ ಯಾಕೆ ಮುಖ್ಯ ಅಂದ್ರೆ, ಗ್ರೋಸ್ಸೋಗೂ ಮುಂಚೆ ವೆನಿಸ್‌ನಲ್ಲಿ ಓಡ್ತಿದ್ದ ದೆನಾರೊ ಅನ್ನೋ ನಾಣ್ಯ ಅರ್ಧ ಗ್ರಾಮೂ ತೂಗದ, ಬೆಳ್ಳಿಗಿಂತ ತಾಮ್ರನೇ ಜಾಸ್ತಿ ಇದ್ದ ಚಿಲ್ಲರೆ. ದೂರದ ಸಮುದ್ರ ವ್ಯಾಪಾರಕ್ಕೆ ಅದು ಯಾವ ಮೂಲೆಗೆ? ನಾಲ್ಕನೇ ಕ್ರುಸೇಡ್‌ಗೆ, ಅಂದ್ರೆ ಕ್ರೈಸ್ತರ ಧರ್ಮಯುದ್ಧದ ದಂಡಯಾತ್ರೆಗೆ, ಹಡಗು ಕೊಡೋಕೆ 1201ರಲ್ಲಿ ವೆನಿಸ್ ಕೇಳಿದ್ದು 85,000 ಮಾರ್ಕ್ (ಆಗಿನ ತೂಕದ ಅಳತೆ) ಬೆಳ್ಳಿ, ಅಂಥ ಲೆಕ್ಕ ದೆನಾರೊದಲ್ಲಿ ಮುಗಿಯೋದಲ್ಲ. ಪೂರ್ವದ ಬಂದರುಗಳ ವ್ಯಾಪಾರಿ ಡೋಜ್ ಯಾರು ಅಂತ ನೋಡ್ತಾ ಕೂರಲ್ಲ, ಅದೇ ಚಿತ್ರ ಅದೇ ತೂಕ ಇದ್ರೆ ತಗೋತಾನೆ. ನಮಗೆ ಗುರುತು ಹಿಡಿಯೋಕೆ ಕಷ್ಟ ಕೊಡೋ ಅದೇ ಗುಣಾನೇ ಈ ನಾಣ್ಯದ ಬಲ ಅಂತ ನಾನು ನಂಬ್ತೀನಿ. 1284ರಲ್ಲಿ ಚಿನ್ನದ ಡುಕಾಟ್ ತಂದಾಗ್ಲೂ ಮಾರ್ಕ್, ಡೋಜ್, ಬಾವುಟ ಬಿಡ್ಲಿಲ್ಲ, ಡೋಜ್‌ನ ಮಂಡಿಯೂರಿಸಿದ್ರು ಅಷ್ಟೆ. ನಮ್ಮ ಕಡೆ ಪುತಳಿ ಸರದ ಬಿಲ್ಲೆಗಳು ಆ ಡುಕಾಟ್ ನೋಡಿ ಮಾಡಿದ್ದೇ.

ಕೊನೇದಾಗಿ ಸರ್ಬಿಯಾ ನಾಣ್ಯ. ಅಲ್ಲಿನ ರಾಜರು ತಮ್ಮ ಗಣಿಗಳ ಬೆಳ್ಳೀಲಿ ಇದೇ ಥರದ್ದು ಹೊಡೆಸಿದ್ರು, 1282ರಲ್ಲಿ ವೆನಿಸ್ ಅದನ್ನ ತಡೆಯೋಕೆ ಆದೇಶನೇ ಹೊರಡಿಸ್ತು. ಅದರಲ್ಲಿ ಮಾರ್ಕ್ ಬದಲು ಸಂತ ಸ್ಟೀಫನ್, ಡೋಜ್ ಜಾಗದಲ್ಲಿ ರಾಜ, ಡಿ ವಿ ಎಕ್ಸ್ ಇರೋ ಕಡೆ ಆರ್ ಇ ಎಕ್ಸ್, ಅಂದ್ರೆ ಲ್ಯಾಟಿನ್‌ನಲ್ಲಿ ರಾಜ. ಮಾರೋರು ಚೀಟಿ ಮೇಲೆ ವೆನಿಸ್ ಅಂತಲೇ ಬರೆದಿದ್ರೂ ಕೋಲಿನ ಪಕ್ಕದ ಮೂರಕ್ಷರ ನೋಡ್ಕೊಂಡೇ ದುಡ್ಡು ಕೊಡಿ.